ವಿಷಯ ನಾಲ್ಕು: ಕನ್ನಡ ಕಪಾಟು ಖಾಲಿ

ಸಾಂಗ್ಲಿ, ಮೀರಜಗಳಲ್ಲಿ ಅಧ್ಯಕ್ಷರಿಗೆ ಎಂದೂ ಕೊರತೆಯಿರಲಿಲ್ಲ. ಸಕ್ಕರೆ ಕಾರ್ಖಾನೆಗೊಬ್ಬರು, ಸಾಲ ಕೊಡುವ ಪತಸಂಸ್ಥೆಗೊಬ್ಬರು, ಗಲ್ಲಿಯ ಗಣಪತಿ ಮಂಡಳಕ್ಕೊಬ್ಬರು. ಆದರೆ ವಿಶ್ರಾಮಬಾಗದಲ್ಲಿ ‘ಅಧ್ಯಕ್ಷರ ವಾಚನಾಲಯ’ ಎಂದರೆ ಯಾವ ಅಧ್ಯಕ್ಷರು ಎಂದು ರಿಕ್ಷಾದವನು ಕೇಳುತ್ತಿರಲಿಲ್ಲ. ಹಿಂದೊಮ್ಮೆ ನಗರಪಾಲಿಕೆಯ ಅಧ್ಯಕ್ಷರಾಗಿದ್ದ ಹಿರಿಯರೊಬ್ಬರ ನೆನಪಿಗೆ ಅವರ ಮನೆಯವರು ಕಟ್ಟಿಸಿದ ಎರಡಂತಸ್ತಿನ ಕಟ್ಟಡ ಅದು. ಕೆಳಗೆ ದಿನಪತ್ರಿಕೆಗಳು ಮತ್ತು ಅಧ್ಯಕ್ಷರು ಬಳಸಿದ ವಸ್ತುಗಳು. ಗಾಜಿನ ಪೆಟ್ಟಿಗೆಯಲ್ಲಿ ಅವರ ಚಾಳೀಸು, ಪೆನ್ನು ಮತ್ತು ಉದ್ಘಾಟನೆಗಳಲ್ಲಿ ರಿಬ್ಬನ್ನು ಕತ್ತರಿಸಿದ ಕತ್ತರಿ. ಪಕ್ಕದಲ್ಲಿ, ಯಾರೂ ಕೂರದಂತೆ ಕೆಂಪು ಹಗ್ಗ ಕಟ್ಟಿದ ಅವರ ಕುರ್ಚಿ. ಪುಸ್ತಕಗಳೆಲ್ಲ ಮೇಲಿನ ಅಂತಸ್ತಿನಲ್ಲಿ. ಮೊದಲು ಕತ್ತರಿ, ಆಮೇಲೆ ಓದು.

ಸಾಂಗ್ಲಿ, ಮೀರಜ, ಕುಪವಾಡ ಸೇರಿ ಮಹಾನಗರಪಾಲಿಕೆಯಾದ ವರ್ಷ ಆ ವಾಚನಾಲಯದಲ್ಲಿ ‘ಯುವ ನೇತೃತ್ವ ಮಂಡಳ’ ಹುಟ್ಟಿತು. ಊರು ದೊಡ್ಡದಾಯಿತು, ಇನ್ನು ಮುಂದಾಳುಗಳು ಬೇಕು ಎಂಬುದು ಲೆಕ್ಕ. ಸಭಾಸದರಾಗಲು ವಯಸ್ಸು ಮೂವತ್ತೈದರ ಒಳಗಿರಬೇಕು, ಇಬ್ಬರು ಸಭಾಸದರು ಶಿಫಾರಸು ಮಾಡಬೇಕು. ನನ್ನನ್ನು ಸೇರಿಸಿಕೊಂಡದ್ದು ನೇತೃತ್ವಕ್ಕಲ್ಲ, ಅಕ್ಷರ ಚೆನ್ನಾಗಿದ್ದುದಕ್ಕೆ. ಒಂಬತ್ತನೆಯ ಇಯತ್ತೆಯಿಂದ ದಿನಚರಿ ಬರೆಯುತ್ತಿದ್ದವಳು ನಾನು. ಸಭೆಯ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಮೂರು ಸಭೆಗಳ ಲೆಕ್ಕ ನನ್ನ ಸ್ವಂತ ದಿನಚರಿಯಲ್ಲಿ ಹೀಗಿದೆ: ಸತ್ಕಾರ ಏಳು, ಭಾಷಣ ಹನ್ನೊಂದು, ‘ವ್ಹಿಜನ್’ ಎಂಬ ಇಂಗ್ಲಿಷ್ ಶಬ್ದ ಎಣಿಸಲಾಗಲಿಲ್ಲ, ಕೆಲಸ ಸೊನ್ನೆ.

ಮನೆಯಲ್ಲಿ ಅಜ್ಜಿಗೆ ಮಂಡಳದ ಬ್ಯಾಜು ತೋರಿಸಿದೆ.

“ಏನವಾ ಇದು?”

“ಮುಂದಾಳು ಆಗೇನಿ ಅಜ್ಜಿ.”

“ಮುಂದ ಹಾಳ ಆಗದಿದ್ರ ಸಾಕು,” ಎಂದು ಅಜ್ಜಿ ಬ್ಯಾಜನ್ನು ತಿರುಗಿಸಿ ಪಿನ್ನು ನೋಡಿದಳು. “ಆಗೀದಿ ಅಂದ ಮ್ಯಾಲ ಒಂದು ಕೆಲಸ ಮಾಡು. ಆ ಕನ್ನಡ ಕಪಾಟ ಕೆಳಗ ಇಳಸು.”

ನಮ್ಮದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಆಡುವ ಜೈನರ ಮನೆ. ಕನ್ನಡ ಓದಬಲ್ಲವಳು ಅಜ್ಜಿ ಒಬ್ಬಳೇ. ವಾಚನಾಲಯದ ಮೇಲಂತಸ್ತಿನ ಮೂಲೆಯಲ್ಲಿ ಹಿರಿಯ ಅಧ್ಯಕ್ಷರ ಕಾಲದ ಒಂದು ಕನ್ನಡ ಕಪಾಟು ಇತ್ತು. ಮೊಣಕಾಲು ಕೈಕೊಟ್ಟ ಮೇಲೆ ಮೂರು ವರ್ಷದಿಂದ ಅಜ್ಜಿ ಅದರ ಮುಖ ನೋಡಿರಲಿಲ್ಲ. ನಾನು ತಂದುಕೊಡಬಹುದಿತ್ತು, ತಂದೂ ಕೊಟ್ಟೆ. ಆದರೆ ಮರಾಠಿ ಶಾಲೆಯಲ್ಲಿ ಕಲಿತ ನಾನು ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಮುಖಪುಟದ ಚಿತ್ರ ನೋಡಿ ಆರಿಸುತ್ತಿದ್ದೆ. ಮೊದಲ ಸಲ ತಂದದ್ದು ಬಸುರಿಯರ ಆರೈಕೆಯ ಪುಸ್ತಕ.

“ಈ ವಯಸ್ಸಿನ್ಯಾಗ ನನಗ ಇದು ಯಾಕವಾ? ನಿಮ್ಮ ಅಜ್ಜ ಇದ್ದಿದ್ರ ಹೆದರತಿದ್ದ.”

ಎರಡನೆಯ ಸಲ ಕುರಿ ಸಾಕಣೆ. ಅಜ್ಜಿ ಅದನ್ನು ಪೂರ್ತಿ ಓದಿದಳು, ಬೇರೆ ಇರಲಿಲ್ಲವಲ್ಲ. ಆಮೇಲೆ ಖಡಾಖಂಡಿತವಾಗಿ ಹೇಳಿದಳು, “ಸೀರಿ, ಪುಸ್ತಕ ಎರಡೂ ತಾವಽ ಮುಟ್ಟಿ ಆರಿಸಬೇಕು.”

ಜೂನ್ ಹದಿನಾಲ್ಕು, ರವಿವಾರ, ಮೋಡ. ನಾಲ್ಕನೆಯ ಸಭೆ. ಕನ್ನಡ ಕಪಾಟಿನ ವಿಷಯವನ್ನು ನಾಲ್ಕನೆಯದಾಗಿ ಹಾಕಿಸಿದ್ದೆ. ನಮ್ಮ ಮಂಡಳದ ಅಧ್ಯಕ್ಷ ಮೋಟಾರುಸೈಕಲ್ ಮಾರುವ ಅಂಗಡಿಯ ಒಡೆಯ. ಬೆಲ್ಟಿನ ಚೀಲದಲ್ಲಿ ಮೊಬೈಲು, ಊರು ಕಸಬೆ ಡಿಗ್ರಜ. ಅವರ ಮನೆಯಲ್ಲೂ ನಮ್ಮ ಹಾಗೆಯೇ ಕನ್ನಡ. ಸಭೆಯಲ್ಲಿ ಮಾತ್ರ ಮರಾಠಿ, ಭಾವುಕರಾದಾಗ ಇಂಗ್ಲಿಷು. ನನ್ನ ಸರದಿ ಬರುವ ಹೊತ್ತಿಗೆ ಹೊರಗೆ ಬಟಾಟೆವಡೆಯ ವಾಸನೆ ಬಂದಿತ್ತು. ಚಿಕ್ಕದಾಗಿ ಹೇಳು ಎಂದರು. ಚಿಕ್ಕದಾಗಿ ಬರೆಯುವುದು ನನ್ನ ಹೆಮ್ಮೆ. ಮರಾಠಿಯಲ್ಲಿ ಮೂರೇ ಶಬ್ದ ಬರೆದು, ಓದಿ ಹೇಳಿದೆ:

“ಕಪಾಟ ಖಾಲೀ ಕರಣೇ.”

ಮರಾಠಿಯಲ್ಲಿ ‘ಖಾಲೀ’ ಎಂದರೆ ಕೆಳಗೆ, ‘ಕರಣೇ’ ಎಂದರೆ ಮಾಡುವುದು. ಕನ್ನಡದಲ್ಲಿ ‘ಖಾಲಿ’ ಎಂದರೆ ಬರಿದು. ನಾನು ಮರಾಠಿಯಲ್ಲಿ ಬರೆದೆ, ಅಧ್ಯಕ್ಷರು ಕನ್ನಡದಲ್ಲಿ ಕೇಳಿಸಿಕೊಂಡರು. ಮಂಡಳಕ್ಕೆ ಬಹುಮಾನವಾಗಿ ಬಂದ ಢಾಲುಗಳನ್ನು ಇಡಲು ಅವರು ಎರಡು ತಿಂಗಳಿಂದ ಜಾಗ ಹುಡುಕುತ್ತಿದ್ದರು.

“ಎಷ್ಟು ಮುಂದಿನ ವಿಚಾರ!” ಎಂದು ಮರಾಠಿಯಲ್ಲಿ ನನ್ನನ್ನು ಹೊಗಳಿದರು.

ಎಲ್ಲ ಕೈಗಳೂ ಮೇಲೆದ್ದವು. ಮರಾಠಿ ಮನೆಯವರು ಕಪಾಟು ಕೆಳಗಿಳಿಯಲಿ ಎಂದು ಎತ್ತಿದರು, ಕನ್ನಡ ಮನೆಯವರು ಬರಿದಾಗಲಿ ಎಂದು ಎತ್ತಿದರು, ಒಬ್ಬಿಬ್ಬರು ವಡೆ ಬೇಗ ಬರಲಿ ಎಂದು. ಠರಾವು ಏಕಮತದಿಂದ ಪಾಸಾಯಿತು. “ಹಾತ ಖಾಲೀ ಕರಾ,” ಎಂದರು ಅಧ್ಯಕ್ಷರು. ಈ ಸಲ ಯಾರಿಗೂ ಗೊಂದಲವಾಗಲಿಲ್ಲ, ಕೈಗಳು ಇಳಿದವು.

ಮುಂದಿನ ರವಿವಾರ ಅಜ್ಜಿ ಇರಕಲ್ ಸೀರೆ ಉಟ್ಟು, ಚಾಳೀಸಿನ ಡಬ್ಬಿ ಹಿಡಿದು ರಿಕ್ಷಾ ಹತ್ತಿದಳು. ವಾಚನಾಲಯದ ಕೆಳಗಿನ ಕೋಣೆಯಲ್ಲಿ ಕಪಾಟು ಇರಲಿಲ್ಲ. ಮೆಟ್ಟಿಲ ಬುಡದಲ್ಲಿ ಬಾಯಿ ಕಟ್ಟಿದ ಆರು ಸಕ್ಕರೆ ಚೀಲಗಳಿದ್ದವು. ಮೇಲಿನಿಂದ ಮೊಳೆ ಹೊಡೆಯುವ ಸದ್ದು.

“ಇವು ಏನ್ರಿ ಕಾಕಾ?” ಎಂದು ಶಿಪಾಯಿಯನ್ನು ಕೇಳಿದೆ.

“ನಿಮ್ಮ ಠರಾವಽ ಐತಲ್ಲವಾ. ಅಧ್ಯಕ್ಷ ಸಾಹೇಬ್ರು ಕಪಾಟ ಖಾಲಿ ಮಾಡು ಅಂದ್ರು, ಮಾಡೀನಿ. ನಾಕಕ್ಕ ರದ್ದಿಯವ ಬರ್ತಾನ.”

ಗೋಡೆಯ ಗಡಿಯಾರದಲ್ಲಿ ಮೂರೂವರೆ. ನಾನು ಮೆಟ್ಟಿಲು ಹತ್ತಿ ಓಡಿದೆ. ಮೇಲೆ ಅಧ್ಯಕ್ಷರು ಕನ್ನಡ ಕಪಾಟಿನಲ್ಲಿ ಢಾಲುಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದರು. ಪತ್ರಿಕೆಯ ಫೋಟೋದವನು ಆಗಲೇ ಬಂದು ಕಾಯುತ್ತಿದ್ದ. ನಾನು ‘ಖಾಲೀ’ ಶಬ್ದದ ಅರ್ಥ ಹೇಳಿದೆ. ಖಜಾಂಚಿ ನನ್ನ ಕಡೆ ನಿಂತ. ಅವನದು ಮರಾಠಿ ಮನೆ. ಅಧ್ಯಕ್ಷರು ನಡಾವಳಿ ತರಿಸಿ ಓದಿ, ಠರಾವಿನಲ್ಲಿ ಇದ್ದಂತೆಯೇ ನಡೆದಿದೆ, ಬದಲಿಸಬೇಕಾದರೆ ಉಪಸಮಿತಿ ಆಗಬೇಕು ಎಂದರು. ಉಪಸಮಿತಿ ಜುಲೈಯಲ್ಲಿ. ರದ್ದಿಯವನು ನಾಲ್ಕಕ್ಕೆ.

ಅಷ್ಟರಲ್ಲಿ ಕೆಳಗಿನಿಂದ ಅಜ್ಜಿಯ ದನಿ ಬಂತು. “ಅಧ್ಯಕ್ಷರು ಯಾರಪಾ ಇಲ್ಲೆ? ಒಂದೀಟು ಕೆಳಗ ಬರ್ರಿ.”

ನಾವೆಲ್ಲ ಇಳಿದೆವು, ಫೋಟೋದವನೂ. ಅಜ್ಜಿ ಪುಸ್ತಕದ ಒಂದು ಚೀಲದ ಬಾಯಿ ಬಿಚ್ಚಿ, ಅದರ ಪಕ್ಕ ಇನ್ನೊಂದರ ಮೇಲೆ ಕುಳಿತಿದ್ದಳು.

“ನೀನಽ ಏನು? ಯಾರ ಮಗಾ ನೀ?”

“ಕಸಬೆ ಡಿಗ್ರಜದವ್ರಿ, ಅಜ್ಜಿ.” ಅಧ್ಯಕ್ಷರ ಬಾಯಿಂದ ಕನ್ನಡ ತಾನಾಗಿ ಬಂತು.

“ಪುಣ್ಯೇದ ಕೆಲಸ ಮಾಡಿದಿ ನೋಡು. ಮೂರು ವರ್ಷ ಆತು, ಕಂಡವ್ರಿಗೆಲ್ಲ ಹೇಳೀನಿ, ಪುಸ್ತಕ ಕೆಳಗ ತರ್ರಿ ಅಂತ. ಮುದುಕರ ಮಣಕಾಲ ನೋವು ಒಬ್ಬರಿಗೂ ತಿಳೀಲಿಲ್ಲ. ನಿನಗ ತಿಳೀತು.”

ಅಧ್ಯಕ್ಷರು ನನ್ನನ್ನು ನೋಡಿದರು. ನಾನು ನಡಾವಳಿಯನ್ನು ನೋಡಿದೆ. ರದ್ದಿಯ ಮಾತು ಅಜ್ಜಿಯ ಕಿವಿಗೆ ಬಿದ್ದಿತ್ತೋ ಇಲ್ಲವೋ, ನಾನು ಎಂದೂ ಕೇಳಲಿಲ್ಲ. ಫೋಟೋದವನು ಮಾತ್ರ, ಢಾಲಿಗಿಂತ ಇದು ಚೆನ್ನಾಗಿದೆ ಎಂದು ಕ್ಯಾಮರಾ ತೆಗೆದ.

“ನಮ್ಮ ವ್ಹಿಜನ್ನಽ ಅದು ಅಜ್ಜಿ,” ಎಂದರು ಅಧ್ಯಕ್ಷರು.

ಶಾಲು, ತೆಂಗಿನಕಾಯಿ ಬಂದವು. ಮಂಡಳದಲ್ಲಿ ಅವು ಯಾವಾಗಲೂ ಸಿದ್ಧ. ಚೀಲದ ಮೇಲೆ ಕುಳಿತವರಿಗೆ ಸತ್ಕಾರ ಮಾಡಿದರೆ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುವುದಿಲ್ಲ. ಬೇರೆ ಕುರ್ಚಿಗಳನ್ನೆಲ್ಲ ಢಾಲಿನ ಫೋಟೋಕ್ಕೆಂದು ಮೇಲೆ ಒಯ್ದಿದ್ದರು. ಅಧ್ಯಕ್ಷರೇ ಹಿರಿಯ ಅಧ್ಯಕ್ಷರ ಕುರ್ಚಿಯ ಕೆಂಪು ಹಗ್ಗ ಬಿಚ್ಚಿ ಅಜ್ಜಿಯನ್ನು ಕೂರಿಸಿದರು. ಫೋಟೋದಲ್ಲಿ ಅಜ್ಜಿ, ಶಾಲು, ಅಧ್ಯಕ್ಷರು, ಹಿಂದೆ ಆರು ಚೀಲ. ಪತ್ರಿಕೆಗೆ ಹೋಗುವ ಫೋಟೋದಲ್ಲಿರುವ ಪುಸ್ತಕಗಳನ್ನು ರದ್ದಿಗೆ ಹಾಕುವಂತಿರಲಿಲ್ಲ. ನಾಲ್ಕಕ್ಕೆ ಸರಿಯಾಗಿ ಬಂದ ಕೈಗಾಡಿಯನ್ನು ಶಿಪಾಯಿ ಹಳೆಯ ದಿನಪತ್ರಿಕೆ ಕೊಟ್ಟು ಕಳಿಸಿದ. ಅಂದಿನ ದಿನಚರಿಯಲ್ಲಿ ಬರೆದೆ: ಸತ್ಕಾರ ಒಂದು, ಕೆಲಸ ಒಂದು.

“ಅಜ್ಜಿ, ಆತ್ರಿ. ಇನ್ನ ಏಳ್ರಿ,” ಎಂದರು ಅಧ್ಯಕ್ಷರು, ಕೈಗಾಡಿ ಹೋದ ಮೇಲೆ. “ಆ ಕುರ್ಚಿ ಮ್ಯಾಲ ಯಾರೂ ಕುಂದ್ರಂಗಿಲ್ಲ.”

ಅಜ್ಜಿ ಚಾಳೀಸು ಹಾಕಿಕೊಂಡು ಮೊದಲ ಚೀಲವನ್ನು ತನ್ನ ಕಡೆ ಎಳೆದುಕೊಂಡಳು.

“ಆರಿಸೂ ತನಕ ಏಳೂದಿಲ್ಲಪಾ. ಹೊತ್ತು ಮುಳುಗೂದ್ರಾಗ ಉಣ್ಣಾಕ ಹೋಗಬೇಕು, ಅಷ್ಟ. ಇನ್ನೂ ಆರು ಚೀಲ ಅದಾವ.”

ಅಧ್ಯಕ್ಷರು ಕೆಂಪು ಹಗ್ಗ ಹಿಡಿದುಕೊಂಡು ಪಕ್ಕದಲ್ಲಿ ನಿಂತರು.