ವಿಮಾನದ ಪಕ್ಕದ ಚೌಡಿ

ಅಣೆಕಟ್ಟಿಗೆಂದು ಊರು ಮುಳುಗಿಸುವಾಗ ಸರ್ಕಾರದವರು, ಗದ್ದೆ ಕಾಯುವ ನಮ್ಮ ದೇವತೆ ಚೌಡಿಯ ಕಲ್ಲು ಎತ್ತಿಕೊಳ್ಳಲು ಒಂದು ದಿನವನ್ನೂ ಕೊಡಲಿಲ್ಲ. ಅದೇ ಶರಾವತಿ ಹಿನ್ನೀರಿಗೆ ಸರ್ವೆಯ ಪುಟ್ಟ ವಿಮಾನ ಬಿದ್ದಾಗ ವಾರದೊಳಗೆ ಕಾರವಾರದಿಂದ ಮುಳುಗುಗಾರನನ್ನು ಕರೆಸಿದರು. ಪೈಲಟ್ ಈಜಿ ಪಾರಾಗಿದ್ದ. ಅವರಿಗೆ ಬೇಕಾಗಿದ್ದು ವಿಮಾನದೊಳಗಿನ ಸರ್ವೆ ಕ್ಯಾಮೆರಾ.

ವಿಮಾನ ಕೂತಿದ್ದು ಗುತ್ಯಮ್ಮನ ಮುಳುಗಿದ ಗದ್ದೆಯಲ್ಲಿ. ಚೌಡಿ ಬಾರದೆ ಹೊಸ ಜಾಗದಲ್ಲಿ ಬಿತ್ತುವುದಿಲ್ಲ ಎಂದು ಹಟ ಹಿಡಿದು, ಎರಡು ವರ್ಷದಿಂದ ಕೂಲಿಗೆ ಹೋಗುತ್ತಿದ್ದ ಮುದುಕಿ. ಆಕೆಯನ್ನು ದೋಣಿಯಲ್ಲಿ ಅಲ್ಲಿಗೆ ಕರೆದೊಯ್ದೆ. ಮುಳುಗುಗಾರ ಕಾಲಿಗೆ ಬಾತುಕೋಳಿ ಪಾದದಂಥ ರಬ್ಬರ್ ತೊಡುತ್ತಿದ್ದ.

"ತಮ್ಮಾ, ಹಲಸಿನ ಮರದ ಬುಡದಲ್ಲಿ ನಮ್ಮ ಚೌಡಿ ಐತೆ, ತಂದ್ಕೊಡು. ಚಪ್ಪಲಿ ಮಾತ್ರ ಇಲ್ಲೇ ಬಿಟ್ಟು ಹೋಗು."

"ಇದಿಲ್ದೆ ಈಜೋಕೆ ಕಷ್ಟ ಅಮ್ಮ."

"ನಮ್ಮ ಎಮ್ಮೆ ಈಜ್ತದೆ. ಅದಕ್ಕೇನು ಚಪ್ಪಲಿ ಹೊಲಿಸಿದೀವಾ?"

ಅವನು ನಗುತ್ತ ಬಿಚ್ಚಿಟ್ಟ. ಎರಡನೇ ಮುಳುಗಿಗೆ ಮೊಳದುದ್ದದ ಕಲ್ಲು ಹಗ್ಗದಲ್ಲಿ ಮೇಲೆ ಬಂತು. ದಡ ಸೇರಿ ಗುತ್ಯಮ್ಮ ಸೆರಗಿನಿಂದ ಕೆಸರು ಒರೆಸುತ್ತಿದ್ದಾಗಲೇ, ಕ್ಯಾಮೆರಾಕ್ಕಾಗಿ ಅಲ್ಲಿ ಕಾದಿದ್ದ ಸರ್ವೆ ಸಾಹೇಬರು, "ನೀರಿನಡಿ ಇರೋದೆಲ್ಲ ಸರ್ಕಾರದ್ದು" ಎಂದು ಕಲ್ಲನ್ನು ಜೀಪಿಗೆ ಹಾಕಿಸಿದರು.

"ಹಾಗಾದ್ರೆ ಮೀನು ತಿಂದೋರನ್ನೂ ಹಿಡೀರಿ ಸ್ವಾಮಿ" ಎಂದೆ. ಅವರ ಊಟದ ಡಬ್ಬಿಯಲ್ಲೂ ಮೀನೇ ಇತ್ತು.

ಈಗ ಚೌಡಿ ಸಾಗರ ಪೇಟೆಯ ಸರ್ವೆ ಕಚೇರಿಯ ಜಗಲಿಯಲ್ಲಿ, ವಿಮಾನದ ಮುರಿದ ರೆಕ್ಕೆಯ ಪಕ್ಕದಲ್ಲಿದ್ದಾಳೆ. ಮುಂಗಾರು ಹತ್ತಿರ ಬಂತು, ಗುತ್ಯಮ್ಮ ಬೀಜ ಮುಟ್ಟಿಲ್ಲ. ಸೋಮವಾರ ಹತ್ತು ಗಂಟೆಗೆ ಅಲ್ಲಿಗೆ ಬನ್ನಿ. ಕಲ್ಲು ಎತ್ತಲು ಇಬ್ಬರು ಸಾಕು. ಬಾಗಿಲಲ್ಲಿ ನಿಲ್ಲಲು ಇನ್ನೂರು ಜನ ಬೇಕು.