ನಸೀಮಾಳ ಪ್ರೀಮಿಯಂ ಯಾಕೆ ಜಾಸ್ತಿ?

ಇದು ಕಳೆದ ವರ್ಷ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಗಡಿಬಿಡಿಯ ದಿನಗಳಲ್ಲಿ ನಡೆದದ್ದು. ಕೆ.ಆರ್. ಪೇಟೆಯಲ್ಲಿ ನಾನು ಮತ್ತು ನಸೀಮಾ ಸೇರಿ ಖಾರದ ಪುಡಿ, ಸಾಂಬಾರು ಪುಡಿ ಮಾಡಿ ಮಾರುತ್ತೇವೆ. ಆಗಲೇ ಆರು ವರ್ಷದ ಪಾಲುದಾರಿಕೆ, ಇಬ್ಬರದೂ ಸಮಪಾಲು. ನಾಗಮಂಗಲ, ಶ್ರೀರಂಗಪಟ್ಟಣದ ಅಂಗಡಿಗಳಿಗೆಲ್ಲ ಓಡಾಡಿ ಆರ್ಡರ್ ತರುತ್ತಿದ್ದವಳು ನಾನು. ಮೆಣಸಿನಕಾಯಿ ಹುರಿದು ಮೆಷಿನ್ನಿಗೆ ಹಾಕುತ್ತಿದ್ದವಳು ಅವಳು. ನನಗೆ ಆ ಘಾಟು ಒಂದು ಸಲ ಮೂಗಿಗೆ ಹೊಡೆದರೆ ಸೀನು ನಿಲ್ಲುವುದೇ ಇಲ್ಲ. "ನೀವು ಈಚೆಗಿರಿ ಅಕ್ಕ, ಒಳಗಡೆ ನಾನ್ ನೋಡ್ಕೋತೀನಿ" ಎಂದು ಮೊದಲ ದಿನವೇ ಅವಳು ಹೇಳಿದ್ದಳು. ನಾನೂ ಖುಷಿಯಾಗಿ ಒಪ್ಪಿಕೊಂಡಿದ್ದೆ.

ಆ ವರ್ಷ ನಾವಿಬ್ಬರೂ ಮೊದಲ ಬಾರಿಗೆ ಮನೆಯವರನ್ನೆಲ್ಲ ಸೇರಿಸಿ ಆರೋಗ್ಯ ವಿಮೆ ಮಾಡಿಸಿದ್ದೆವು. ಪಾಂಡವಪುರದ ಒಬ್ಬನೇ ಏಜೆಂಟ್, ಒಂದೇ ಕಂಪನಿ, ಒಂದೇ ಮೊತ್ತದ ಪಾಲಿಸಿ. ಪ್ರೀಮಿಯಂ ಅವರವರ ಬ್ಯಾಂಕ್ ಖಾತೆಯಿಂದ ಕಟ್ಟಿದ್ದೆವು. ಇದನ್ನು ವ್ಯಾಪಾರದ ಖರ್ಚಿಗೆ ಸೇರಿಸಿದರೆ ತೆರಿಗೆ ಉಳಿಯುವುದಿಲ್ಲವೇ ಎಂಬ ಪ್ರಶ್ನೆ ನನ್ನ ತಲೆಗೆ ಹೊಕ್ಕಿತು. ನನ್ನ ತಲೆಗೆ ಒಂದು ಪ್ರಶ್ನೆ ಹೊಕ್ಕರೆ ಮುಗಿಯಿತು, ಉತ್ತರ ಸಿಗುವ ತನಕ ಊಟ ರುಚಿಸುವುದಿಲ್ಲ. ನಸೀಮಾಳನ್ನು ಎಳೆದುಕೊಂಡು ಆಡಿಟರ್ ಹತ್ತಿರ ಹೋದೆ.

"ಹಂಗೆ ಬರಲ್ಲಮ್ಮ" ಎಂದರು ಅವರು. "ಪಾಲುದಾರರ ವಿಮೆ ಅವರವರ ಸ್ವಂತ ಖರ್ಚು. ನಿಮ್ಮದನ್ನ ನಿಮ್ಮ ರಿಟರ್ನ್ಸ್‌ನಲ್ಲಿ ಕಳೀತೀನಿ, ಅವರದನ್ನ ಅವರದ್ರಲ್ಲಿ. ಅದೂ ತೆರಿಗೆ ಲೆಕ್ಕಕ್ಕೆ ಹಳೇ ಪದ್ಧತಿ ಆರಿಸ್ಕೊಂಡ್ರೆ ಮಾತ್ರ. ಕ್ಯಾಶ್ ಕಟ್ಟಿಲ್ಲ ತಾನೆ? ಸರಿ, ಇಬ್ಬರ ರಸೀದೀನೂ ಬೇರೆ ಬೇರೆ ಕೊಡಿ."

ಎರಡೂ ರಸೀದಿ ಮೇಜಿನ ಮೇಲೆ ಅಕ್ಕಪಕ್ಕ ಬಂದವು. ನನ್ನ ಕಣ್ಣು ಸುಮ್ಮನಿರುತ್ತದೆಯೇ? ನಸೀಮಾಳ ಪ್ರೀಮಿಯಂ ನನ್ನದರ ಒಂದೂವರೆಯಷ್ಟಿತ್ತು! ನನ್ನ ಮನೆಯಲ್ಲೂ ಗಂಡ, ಹೆಂಡತಿ, ಎರಡು ಮಕ್ಕಳು, ಅವಳ ಮನೆಯಲ್ಲೂ ಅಷ್ಟೇ. ವಯಸ್ಸಿನಲ್ಲಿ ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು ಬೇರೆ.

"ಇದೇನಮ್ಮಿ, ನಿಂದು ಇಷ್ಟೊಂದ್ ಆಕವ್ರೆ?" ಎಂದೆ.

"ಏನೋ ಅಕ್ಕ, ಅವ್ರ ಲೆಕ್ಕ ಅವ್ರಿಗೆ" ಎಂದು ರಸೀದಿಯನ್ನು ಮಗುಚಿ ಇಟ್ಟಳು.

ಮೂರು ದಿನ ಅದೇ ಯೋಚನೆ. ಏನಾದರೂ ತಪ್ಪು ವಯಸ್ಸು ಬರೆದಿದ್ದಾರೆಯೇ? ಅವಳ ಅತ್ತೆಯನ್ನೂ ಸೇರಿಸಿದ್ದಾಳೆಯೇ? ಕೇಳಿದಾಗಲೆಲ್ಲ ಅವಳು "ಬುಡಕ್ಕ" ಎನ್ನುತ್ತಿದ್ದಳು. ಕೊನೆಗೆ, ಆ ಏಜೆಂಟೇ ಇವಳಿಗೆ ಟೋಪಿ ಹಾಕಿದ್ದಾನೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಮೈಯೆಲ್ಲ ಉರಿದುಹೋಯಿತು. "ನಡಿಯಮ್ಮಿ, ಅವ್ನ ಬುಡಬಾರ್ದು" ಎಂದು ಅವಳನ್ನು ಪಾಂಡವಪುರದ ಬಸ್ಸು ಹತ್ತಿಸಿದೆ. ಚಿನಕುರಳಿ ಬಂದಾಗ ಅವಳು ನನ್ನ ಕೈ ಹಿಡಿದು "ಇಲ್ಲೇ ಇಳ್ದು ವಾಪಸ್ ಹೋಗಾಣ ಅಕ್ಕ" ಎಂದಳು. ಪಾಪ, ಜಗಳಕ್ಕೆ ಹೆದರುತ್ತಾಳೆ ಎಂದುಕೊಂಡೆ.

ಏಜೆಂಟಿನ ಆಫೀಸಿನಲ್ಲಿ ಮೂರು ಜನ ಗಿರಾಕಿಗಳು ಕೂತಿದ್ದರು. ನಾನು ಅವರ ಮುಂದೆಯೇ ಶುರು ಮಾಡಿದೆ. "ಬಾಯಿಲ್ದೋಳು ಅಂತ ಜಾಸ್ತಿ ಕಿತ್ಕಂಡಿದ್ದೀಯಲ್ಲಪ್ಪ, ನಿಂಗೆ ಮನ್ಸಾರ ಎಂಗ್ ಬಂತು?"

ಆ ಏಜೆಂಟ್ ಹುಡುಗ ತಿರುಗಿಸಿ ಬಯ್ಯಲಿಲ್ಲ. "ಒಬ್ರ ಪಾಲಿಸಿ ವಿಷ್ಯ ಇನ್ನೊಬ್ರಿಗೆ ಹೇಳಂಗಿಲ್ಲ ಅಕ್ಕ" ಎಂದು ನಸೀಮಾಳ ಮುಖ ನೋಡಿದ. ಅವಳು ನನ್ನ ತೋಳು ಹಿಡಿದು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಬಂದಳು.

"ಅವ್ರದೇನೂ ತಪ್ಪಿಲ್ಲ. ನಂಗೆ ಆಸ್ತಮಾ ಅದೆ ಅಕ್ಕ, ಚಿಕ್ಕೋಳಾಗಿದ್ದಾಗಿಂದ. ಕಾಯ್ಲೆ ಇರೋದು ಬರ್ಸಿದ್ಕೆ ಜಾಸ್ತಿ ಆಗದೆ."

ಆಗ ನನಗೆ ಹಳೆಯದೆಲ್ಲ ನೆನಪಾಯಿತು. ದಿನಕ್ಕೆರಡು ಸಲ ಅವಳು ಮುಷ್ಟಿಯಲ್ಲಿ ಏನೋ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಗಂಡನಿಗೆ ಫೋನ್ ಮಾಡಲು ಹೋಗುತ್ತಾಳೆ ಎಂದು ನಾನು ರೇಗಿಸುತ್ತಿದ್ದೆ. ಅವಳು ಹೋಗುತ್ತಿದ್ದದ್ದು ಇನ್ಹೇಲರ್ ಎಳೆದುಕೊಳ್ಳಲು.

ಆಮೇಲೆ ಸಿಟ್ಟು ಬಂತು. "ಆ ಘಾಟಲ್ಲಿ ಆರು ವರ್ಸ ನಿಂತಿದ್ದೀಯಲ್ಲೇ! ಉಸ್ರು ಕಟ್ಟಿ ಏನಾರ ಆಗಿದ್ರೆ ನಿನ್ ಮಕ್ಕಳ್ಗೆ ಯಾರೇ ಗತಿ? ಯಾವೋನೋ ಏಜೆಂಟಿಗೆ ಏಳಿದ್ದೀಯ, ನಂಗೇಳಾಕೆ ಏನಾಗಿತ್ತೇ?"

"ಅವ್ರು ಕೇಳುದ್ರು ಅಕ್ಕ" ಎಂದಳು ಮೆಲ್ಲಗೆ. "ಉಸಿರಾಟದ ತೊಂದ್ರೆ ಐತಾ ಅಂತ ಫಾರಂನಲ್ಲೇ ಇತ್ತು."

ಅವಳೇ ಮುಂದುವರಿಸಿದಳು. "ಮೆಷಿನ್ ಮುಂದೆ ನಿಲ್ಲಾಕಾಗ್ದೋಳು ಪಾಲಿಗೆ ಯಾಕೆ ಅಂತ ನೀವು ಬೇರೆಯೋರ್ನ ಸೇರಿಸ್ಕೊಂಬುಟ್ರೆ? ಈ ಕೆಲ್ಸ ಬುಟ್ರೆ ನಂಗೆ ಬೇರೆ ಏನೂ ಇಲ್ಲ ಅಕ್ಕ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರ ಸೀರೆ ರೇಟು ಕೇಳುವವಳು ನಾನು. ದಿನಾ ಮಧ್ಯಾಹ್ನ ಒಟ್ಟಿಗೆ ಕೂತು ಉಣ್ಣುತ್ತಿದ್ದವಳಿಗೆ ಆರು ವರ್ಷದಲ್ಲಿ ಒಂದು ದಿನವಾದರೂ "ಒಳಗೆ ನಿಲ್ಲೋದು ಕಷ್ಟ ಆಗ್ತದಾ?" ಎಂದು ಕೇಳಿರಲಿಲ್ಲ. ಕೇಳಿದರೆ ನಾನು ಒಳಗೆ ನಿಲ್ಲಬೇಕಾಗುತ್ತಿತ್ತಲ್ಲ! ನನ್ನ ಮೇಲೆ ನನಗೇ ಅಸಹ್ಯವಾಯಿತು. ಮತ್ತೆ ಆಫೀಸಿನೊಳಗೆ ಹೋಗಿ, ಕೂತಿದ್ದ ಜನರ ಮುಂದೆಯೇ ಆ ಹುಡುಗನ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡು ಬಂದೆ.

ಮಾರನೆಯ ದಿನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮೆಣಸಿನಕಾಯಿ ಹುರಿಯಲು ನಾನೇ ನಿಂತೆ. ಹತ್ತು ನಿಮಿಷಕ್ಕೆ ಕೆಮ್ಮುತ್ತಾ ಹೊರಗೆ ಓಡಿಬಂದೆ. ಅದೇ ವಾರ ಹೊಗೆ ಹೊರದೂಡುವ ದೊಡ್ಡ ಫ್ಯಾನ್ ಹಾಕಿಸಿದೆವು, ಹುರಿಯುವುದಕ್ಕೆ ಕೂಲಿಗೆ ಒಬ್ಬರನ್ನು ಇಟ್ಟುಕೊಂಡೆವು. ಆರ್ಡರ್ ತರುವ ಕೆಲಸ ಈಗ ನಸೀಮಾಳದು. ನನಗಿಂತ ಚೆನ್ನಾಗಿ ವ್ಯಾಪಾರ ಕುದುರಿಸುತ್ತಾಳೆ, ಅದು ಬೇರೆ ಮಾತು. ರಿಟರ್ನ್ಸ್‌ನಲ್ಲಿ ಇಬ್ಬರ ಪ್ರೀಮಿಯಮ್ಮೂ ಕಳೆದು ಒಂದಷ್ಟು ತೆರಿಗೆ ಉಳಿಯಿತು.

ಅಂದಿನಿಂದ ದಿನಾ ಬೆಳಿಗ್ಗೆ "ಉಸ್ರು ಎಂಗದಮ್ಮಿ?" ಎಂದು ಕೇಳುತ್ತೇನೆ. ತಿಂಗಳುಗಟ್ಟಲೆ ಒಂದೇ ಉತ್ತರ: "ಚೆನ್ನಾಗದೆ ಅಕ್ಕ." ಮೊನ್ನೆ ಮೊದಲ ಸಲ, ಬಂದವಳೇ ಕುರ್ಚಿಯಲ್ಲಿ ಕೂತು "ಇವತ್ತು ಆಗ್ತಿಲ್ಲ ಅಕ್ಕ, ಮನೆಗೆ ಹೋಗ್ಬುಡ್ತೀನಿ" ಎಂದಳು. ಆಟೋ ಕರೆಸಿ ಕಳಿಸಿದೆ. ಅವಳಿಗೆ ಹುಷಾರಿಲ್ಲ ಎಂಬ ಸಂಕಟ ಒಂದು ಕಡೆ, ಕೊನೆಗೂ ನನ್ನ ಹತ್ತಿರ ಹೇಳಿದಳಲ್ಲ ಎಂಬ ಸಂತೋಷ ಇನ್ನೊಂದು ಕಡೆ. ಆ ದಿನವೆಲ್ಲ ನನಗೆ ಕೆಲಸವೇ ಸಾಗಲಿಲ್ಲ.