ಮನ್ನಾ ಆದ ಆರು ತಿಂಗಳು

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಆರು ತಿಂಗಳು ಕಾಯಬೇಕೆಂಬ ನಿಯಮವೇ ವಕೀಲಳಾದ ನನಗೆ ಧೈರ್ಯವಾಗಿತ್ತು. ಅಷ್ಟರಲ್ಲಿ ಒಮ್ಮೆ ಒಟ್ಟಿಗೆ ಊಟಕ್ಕೆ ಹೋಗಿಬನ್ನಿ ಎಂದು ಹೇಳಿ ಕಳಿಸುತ್ತಿದ್ದೆ. ಕೆಲವರು ಮತ್ತೆ ನನ್ನ ಕಡೆ ಬರುತ್ತಲೇ ಇರಲಿಲ್ಲ. ಈಗ ಮೇಲಿನ ಕೋರ್ಟಿನ ತೀರ್ಪು ತೋರಿಸಿ ಆ ಕಾಯುವುದನ್ನೇ ಮನ್ನಾ ಮಾಡಿಸಬಹುದು. ಬೇಡ ಎನ್ನಲು ನಾನ್ಯಾರು?

ಮೊನ್ನೆ ಚಾಮರಾಜಪೇಟೆಯ ನನ್ನ ಆಫೀಸಿನಲ್ಲಿ ಹಾಗೆ ಮನ್ನಾ ಮಾಡಿಸಿಕೊಂಡ ಒಂದು ಜೋಡಿ ಲ್ಯಾಪ್‌ಟಾಪಿನ ಮುಂದೆ ಕೂತಿತ್ತು. ವಿಡಿಯೋದಲ್ಲಿ ನ್ಯಾಯಾಧೀಶರು ಕೇಳಿದರು, ಇಬ್ಬರೂ ಒಪ್ಪಿದರು. ತರಿಸಿದ್ದ ಕಾಫಿ ಆರುವ ಮೊದಲೇ ಮದುವೆ ಮುಗಿಯಿತು. ಅವಸರ ಮಾಡಿಬಿಟ್ಟೆನೇ ಎಂದುಕೊಳ್ಳುತ್ತಲೇ ಲ್ಯಾಪ್‌ಟಾಪ್ ಮುಚ್ಚಿದೆ.

ಅವಳು ಅಭ್ಯಾಸಬಲದಿಂದ ಎರಡೂ ಹೆಲ್ಮೆಟ್ ಎತ್ತಿಕೊಂಡಳು. ಅವನು ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ:

"ಮೇಡಂ, ಬಂದಿದ್ದು ಒಂದೇ ಗಾಡೀಲಿ. ಈಗ ಇವರನ್ನ ಮನೆಗೆ ಡ್ರಾಪ್ ಮಾಡ್ಬಹುದಾ?"